ಮೀಟಿಂಗಿಗೆ ಮೊದಲೇ ಒಪ್ಪಿಸುತ್ತಿದ್ದ ಅಕ್ಕ

ಅಕ್ಕ ತೀರಿಕೊಂಡ ಸುದ್ದಿ ಸ್ವೀಡನ್ನಿನ ನಮ್ಮ ನಾರ್‌ಶೋಪಿಂಗ್ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ನಾನು ಆಫೀಸಿಗೆ ಹೋಗುವ ಟ್ರಾಮಿನಲ್ಲಿದ್ದೆ. ಅದರ ಮೇಲಿನ ಮೆಸೇಜಿನಲ್ಲಿ ಯಾರೋ ಮಕ್ಕಳ ಸ್ಕೀ ಬೂಟು ಮಾರಾಟಕ್ಕಿದೆ ಎಂದು ಹಾಕಿದ್ದರು. ಕೆಳಗಿನದರಲ್ಲಿ ಯುಗಾದಿ ಊಟಕ್ಕೆ ಯಾರ್ಯಾರು ಏನೇನು ತರುತ್ತಾರೆಂಬ ಪಟ್ಟಿ. ಎರಡರ ನಡುವೆ ಅಕ್ಕನ ಫೋಟೋ, ಎಂಟು ತಿಂಗಳ ಕಾಯಿಲೆ, ಗದಗದಲ್ಲಿ ಅಂತ್ಯಕ್ರಿಯೆ ಎಂಬ ಎರಡು ಸಾಲು. ಗುಂಪಿನ ಅರ್ಧ ಜನಕ್ಕೆ ಅವರು ಯಾರೆಂದೇ ಗೊತ್ತಿರಲಿಲ್ಲ. ಆದರೂ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನು ಹಾಕಲಿಲ್ಲ. ನಾನು ಇಳಿಯಬೇಕಾದ ಸ್ಟಾಪು ದಾಟಿಹೋಯಿತು.

ಅವರು ಈ ಊರು ಬಿಟ್ಟು ಐದು ವರ್ಷವಾಗಿತ್ತು. ಬಿಟ್ಟರು ಅನ್ನುವುದೂ ಸರಿಯಲ್ಲ. ಕೆಲಸ ಹೋಯಿತು, ಕೆಲಸದ ಮೇಲೆ ನಿಂತಿದ್ದ ಪರವಾನಗಿಯ ಗಡುವು ಮುಗಿಯಿತು, ಗಂಡ ಮತ್ತು ಮಗಳನ್ನು ಕರೆದುಕೊಂಡು ಗದಗಕ್ಕೆ ಹಿಂತಿರುಗಿದರು. ಅವರನ್ನು ಇಲ್ಲಿ ಉಳಿಸಬಹುದಾಗಿದ್ದ ಒಂದು ಫೋನು ಕರೆ ನನಗೆ ಬಂದಿತ್ತು. ಆ ಕರೆಯಲ್ಲಿ ನಾನು ಏನು ಮಾಡಿದೆ ಎಂಬುದನ್ನು ಬಿಟ್ಟು ಅವರ ಬಗ್ಗೆ ಏನು ಬರೆದರೂ ಸುಳ್ಳಾಗುತ್ತದೆ. ಅಲ್ಲಿಗೆ ಬರುತ್ತೇನೆ. ಮೊದಲು ಅವರು ಹೇಗಿದ್ದರು ಅಂತ ಹೇಳಬೇಕು.

ಕುಳ್ಳಗಿನ ಹೆಂಗಸು. ಮೂಗಿನ ಮೇಲಿಂದ ಜಾರುವ ಕನ್ನಡಕ. ಆಫೀಸಿನೊಳಗೂ ಉಣ್ಣೆಯ ಸ್ವೆಟರ್ ಬಿಚ್ಚುತ್ತಿರಲಿಲ್ಲ. ನಮ್ಮದು ಗೋದಾಮುಗಳಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿ. ಯಾವ ಮಾಲು ಯಾವ ಕಪಾಟಿನಲ್ಲಿದೆ, ಯಾರು ಎತ್ತಬೇಕು, ಯಾವ ಲಾರಿಗೆ ಹಾಕಬೇಕು ಎಂದು ಕೆಲಸಗಾರರ ಕೈಯಲ್ಲಿರುವ ಪುಟ್ಟ ಯಂತ್ರಕ್ಕೆ ಹೇಳುವುದು ನಮ್ಮ ಕೆಲಸ. ಅಕ್ಕ ಅದರ ಟೆಸ್ಟಿಂಗ್‌ನಲ್ಲಿದ್ದರು. ನಾನು ಸೇರಿದ ಮೊದಲ ದಿನ ಅವರನ್ನು 'ಮೇಡಂ' ಎಂದೆ.

"ಮೇಡಂ ಅಂದ್ರೆ ಇಲ್ಲಿ ಎಲ್ರೂ ತಿರುಗಿ ನೋಡ್ತಾರೆ. ಇವರು ಕಂಪನಿ ಯಜಮಾನನ್ನೇ ಹೆಸರು ಹಿಡಿದು ಕರೀತಾರೆ" ಅಂದರು.

"ದೊಡ್ಡವರನ್ನ ಹೆಸರು ಹಿಡಿದು ಕರೆಯೋಕೆ ನನ್ನ ನಾಲಿಗೆ ಹೊರಳಲ್ಲ."

"ಹಂಗಾದ್ರೆ ಅಕ್ಕ ಅನ್ನು."

ಆರು ತಿಂಗಳಲ್ಲಿ ಸ್ವೀಡಿಷ್ ಮ್ಯಾನೇಜರನೂ ನನ್ನನ್ನು ಕೇಳಿ ಕೇಳಿ "ಅಕ್ಕ" ಅನ್ನತೊಡಗಿದ್ದ. ಅವರು ಗಂಭೀರವಾಗಿ "ಏನಪ್ಪಾ" ಎನ್ನುತ್ತಿದ್ದರು.

ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಅವರದು ಬೆಂಗಳೂರಿನ ಮಾತು. ನನ್ನೊಬ್ಬನ ಹತ್ತಿರ, ಅದೂ ಬೈಯುವಾಗ, ಗದಗ ಹೊರಗೆ ಬರುತ್ತಿತ್ತು. ಮೊದಲ ವರ್ಷ ನಾನು ಗದಗವನ್ನೇ ಹೆಚ್ಚಾಗಿ ಕೇಳಿದೆ.

ಯಾಕೆಂದರೆ ನನಗೆ ಮಾತು ಅಂದರೆ ಜಗಳ ಎಂದೇ ಗೊತ್ತಿದ್ದದ್ದು. ನಮ್ಮಪ್ಪ ತುಮಕೂರಿನಲ್ಲಿ ತಳ್ಳುಗಾಡಿಯ ಮೇಲೆ ಇಸ್ತ್ರಿ ಮಾಡುತ್ತಿದ್ದರು. ಸೀರೆ ಸುಟ್ಟಿತು ಅಂತ ಗಿರಾಕಿ ಕೂಗಿದರೆ ಅವರಿಗಿಂತ ಜೋರಾಗಿ ಕೂಗಬೇಕು, ಇಲ್ಲದಿದ್ದರೆ ಆ ಬೀದಿಯ ಬಟ್ಟೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದ ಮೊದಲನೆಯವನು ನಾನು. ಇಂಜಿನಿಯರಿಂಗ್ ಕಾಲೇಜಿನ ಇಂಗ್ಲಿಷ್ ಮೀಡಿಯಂ ಹುಡುಗರ ನಡುವೆ ಸೆಮಿನಾರ್ ಕೊಡಬೇಕಾದಾಗ, ಇಡೀ ಭಾಷಣವನ್ನು ಬಾಯಿಪಾಠ ಮಾಡಿ, ಯಾರೂ ನಡುವೆ ಬಾಯಿ ಹಾಕದಂತೆ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆ. ಡಿಗ್ರಿ ಸರ್ಟಿಫಿಕೇಟನ್ನು ಅಪ್ಪ ಗಾಡಿಯ ಹತ್ತಿರ ನಿಂತು ಓದಿಸಿಕೊಂಡ ದಿನ ನನಗಿನ್ನೂ ನೆನಪಿದೆ. ಅದರ ಬಗ್ಗೆ ನನಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ. ಆದರೆ ಆ ಹೆಮ್ಮೆಯೊಳಗೆ ಒಂದು ಹಸಿವೂ ಇತ್ತು. ನಾನು ಮಾಡಿದ್ದನ್ನು ನಾನೇ ಮಾಡಿದ್ದು ಅಂತ ಜನ ಹೇಳಬೇಕು.

ಸೇರಿದ ಐದನೇ ತಿಂಗಳು ನನ್ನನ್ನು ಒಂದು ಗೋದಾಮಿನ ಶೀತಲ ವಿಭಾಗಕ್ಕೆ ಕಳಿಸಿದ್ದರು. ಐಸ್‌ಕ್ರೀಮು, ಮೀನು, ಹೆಪ್ಪುಗಟ್ಟಿಸಿದ ಬಟಾಣಿ ಇಡುವ ಜಾಗ. ಅಲ್ಲಿನ ಕೆಲಸಗಾರರು ದಪ್ಪ ಕೈಗವಸು ಹಾಕಿಕೊಂಡಿರುತ್ತಾರೆ. ನಮ್ಮ ಯಂತ್ರದ ಪರದೆಯ ಮೇಲೆ 'ಎತ್ತಿದೆ' ಎಂದು ಒತ್ತಬೇಕಾದ ಬಟನ್ ಕಡಲೆಕಾಳಿನಷ್ಟು. ಪ್ರತಿ ಪೆಟ್ಟಿಗೆಗೂ ಅವರು ಬಲಗೈ ಗವಸು ಹಲ್ಲಿನಲ್ಲಿ ಕಚ್ಚಿ ಎಳೆದು, ಬೆರಳಲ್ಲಿ ಒತ್ತಿ, ಮತ್ತೆ ಹಾಕಿಕೊಳ್ಳುತ್ತಿದ್ದರು. ಒಬ್ಬಾಕೆ ಬೆರಳು ತೋರಿಸಿದಳು. ತುದಿ ಬಿಳಿಚಿ ಬಿರಿದಿತ್ತು.

ಬಂದವನೇ ಮೂವತ್ತು ಸ್ಲೈಡಿನ ವರದಿ ಮಾಡಿದೆ. ಮೊದಲ ಸ್ಲೈಡಿನಲ್ಲೇ 'ಗಂಭೀರ ವೈಫಲ್ಯ' ಎಂದು ಕೆಂಪಕ್ಷರ. ಆ ಪರದೆಯನ್ನು ಬರೆದವನು ಲಾರ್ಸ್ ಎಂಬ ಹಿರಿಯ ಡೆವಲಪರ್. ಅದೂ ಸ್ಲೈಡಿನಲ್ಲಿತ್ತು. ಮೀಟಿಂಗಿನಲ್ಲಿ ನಲವತ್ತು ನಿಮಿಷ ಮಾತಾಡಿದೆ. ಯಾರೂ ಎದುರಾಡಲಿಲ್ಲ. ಮ್ಯಾನೇಜರ್ "ಆಸಕ್ತಿಕರವಾಗಿದೆ, ಧನ್ಯವಾದ, ಯೋಚಿಸೋಣ" ಎಂದ. ಗೆದ್ದೆ ಅಂದುಕೊಂಡು ಹೊರಬಂದೆ. ಮೂರು ವಾರ ಏನೂ ಆಗಲಿಲ್ಲ. ಲಾರ್ಸ್ ನನ್ನ ಕಡೆ ನೋಡುವುದನ್ನೇ ಬಿಟ್ಟ.

ಒಂದು ದಿನ ಅಡುಗೆಕೋಣೆಯಲ್ಲಿ ಅಕ್ಕ ನನ್ನನ್ನು ಹಿಡಿದರು.

"ತಮ್ಮಾ, ಮೀಟಿಂಗ್ ಅಂದ್ರ ಏನು ತಿಳಕೊಂಡಿ ನೀ?"

"ಚರ್ಚೆ ಮಾಡಿ ತೀರ್ಮಾನ ಮಾಡೋ ಜಾಗ."

"ಅಲ್ಲೋ ಮಾರಾಯಾ. ಈ ದೇಶದಾಗ ಮೀಟಿಂಗ್ ಅಂದ್ರ ಮದುವಿ ಇದ್ದಂಗ. ಮಂಟಪಕ್ಕ ಹೋಗಿ ಅಲ್ಲೇ ಹುಡುಗಿ ಹುಡುಕ್ತೀನಿ ಅಂದ್ರ ಯಾರ್ ಕೊಡ್ತಾರ? ಹೆಣ್ಣು ನೋಡೂದು, ಮಾತುಕತಿ, ಕುಂಡಲಿ ಎಲ್ಲಾ ಮೊದಲ ಮುಗಿದಿರಬೇಕು. ಮೀಟಿಂಗ್‌ನಾಗ ಅಕ್ಕಿಕಾಳು ಹಾಕೂದಷ್ಟ."

"ನನ್ನ ಹತ್ರ ಮೂವತ್ತು ಪಾಯಿಂಟ್ ಇದ್ವು ಅಕ್ಕ. ಒಂದಕ್ಕಾದ್ರೂ ಉತ್ತರ ಕೊಟ್ರಾ ಅವರು?"

"ನಿನ್ನ ಕಡೆ ಎಷ್ಟು ಪಾಯಿಂಟ್ ಅದಾವ ಅಂತ ಯಾರಿಗೆ ಬೇಕಾಗೇದ? ಅವರಿಗೆ ಯಾವುದರ ಅಂಜಿಕಿ ಐತಿ ಅಂತ ಕೇಳಿದ್ಯಾ? ಆ ಲಾರ್ಸ್ ಹತ್ತು ಮಂದಿ ಮುಂದ ಮಾರಿ ಕೆಂಪಗ ಮಾಡ್ಕೊಂಡು ಕುಂತಿದ್ದ. ನಿನಗ ಕಾಣಲೇ ಇಲ್ಲ."

ಮರುದಿನ ಅವರು ಗೋದಾಮಿಗೆ ಹೋಗಿ ಒಂದು ಜೊತೆ ಕೈಗವಸು ಕೇಳಿ ತಂದರು. ಕಿತ್ತಳೆ ಬಣ್ಣದ್ದು, ಮೀನಿನ ವಾಸನೆಯದು. ಅವತ್ತಿನಿಂದ ಐದು ದಿನ ನಾನು ಕಂಡದ್ದು ಇಷ್ಟು. ಎರಡು ಲೋಟ ಕಾಫಿ ಹಿಡಿದುಕೊಂಡು, ಕಂಕುಳಲ್ಲಿ ಗವಸು ಸಿಕ್ಕಿಸಿಕೊಂಡು, ದಿನಕ್ಕೊಬ್ಬರ ಇಬ್ಬರ ಮೇಜಿಗೆ ಹೋಗುತ್ತಿದ್ದರು. ಕೂರುತ್ತಿರಲಿಲ್ಲ. ಅವರ ಕಂಪ್ಯೂಟರಿನ ಪರದೆ ತಮಗೆ ಕಾಣದ ಹಾಗೆ ಪಕ್ಕಕ್ಕೆ ನಿಲ್ಲುತ್ತಿದ್ದರು. ತಪಾಸಣೆಗೆ ಬಂದಿದ್ದೀನಿ ಅಂತ ಯಾರಿಗೂ ಅನ್ನಿಸಬಾರದು, ಅದಕ್ಕೆ.

ಮೊದಲು ಹೋದದ್ದು ಲಾರ್ಸ್ ಹತ್ತಿರ. ನಾನು ಎರಡು ಮೇಜು ಆಚೆ ಕೂತು ಕಿವಿಗೊಟ್ಟಿದ್ದೆ.

"ಲಾರ್ಸ್, ಈ ಪರದೆ ನಿನ್ನದಲ್ವಾ? ನನಗೆ ಟೆಸ್ಟ್ ಮಾಡುವಾಗ ಯಾವಾಗಲೂ ತಪ್ಪಾಗುತ್ತೆ. ಒಂದು ಸಲ ತೋರಿಸ್ತೀಯಾ? ಗೋದಾಮಿನವರು ಈ ಗವಸು ಹಾಕ್ಕೊಂಡಿರ್ತಾರಂತೆ."

ಲಾರ್ಸ್ ಗವಸು ಹಾಕಿಕೊಂಡು ಒತ್ತಿದ. ಪಕ್ಕದ ಬಟನ್ ಒತ್ತಿತು. ಮತ್ತೆ ಒತ್ತಿದ. ಮೂರನೇ ಸಲವೂ ಆಗಲಿಲ್ಲ. ಅಕ್ಕ ನಿಂತಲ್ಲೇ ನಿಂತು ಕಾಫಿ ಕುಡಿದರು. ಅವನು ಮತ್ತೆ ಎರಡು ಸಲ ಒತ್ತಿ ಗವಸು ಬಿಚ್ಚಿ ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಹಳೇ ಯಂತ್ರಗಳ ಬಗ್ಗೆ ಏನೋ ಗೊಣಗಿದ. ಅಕ್ಕ ಅವನ ದೋಣಿಗೆ ಬಣ್ಣ ಬಳಿದಾಯಿತಾ ಎಂದು ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಂಡು, ಹೊರಟುಬಂದರು. ಅವರ ಪುಟ್ಟ ಡೈರಿಯಲ್ಲಿ ಆ ದಿನದ ಪುಟದಲ್ಲಿ ಬರೆದದ್ದು ತಮ್ಮ ವಾದವಲ್ಲ, 'ಲಾರ್ಸ್: ಪರದೆ ಬದಲಿಸಿದರೆ ಹಳೇ ಯಂತ್ರದಲ್ಲಿ ನಿಧಾನವಾಗುತ್ತದೆಂಬ ಹೆದರಿಕೆ' ಎಂದು. ಒಬ್ಬೊಬ್ಬರ ಹೆದರಿಕೆಗೂ ಒಂದೊಂದು ಸಾಲು. ಮರುದಿನ ಹಳೇ ಯಂತ್ರವೊಂದನ್ನು ತಂದು ಅದರ ಮೇಲೆ ತಾವೇ ಪರೀಕ್ಷೆ ಮಾಡಿ, ನಿಧಾನವಾಗಲಿಲ್ಲವೆಂದು ಅವನಿಗೊಬ್ಬನಿಗೇ ತೋರಿಸಿದರು.

ಮುಂದಿನ ವಾರದ ಮೀಟಿಂಗಿನಲ್ಲಿ ಬಟನ್ ದೊಡ್ಡದು ಮಾಡೋಣ ಅಂತ ಪ್ರಸ್ತಾಪ ಮಾಡಿದವನು ಲಾರ್ಸ್. ನಾಲ್ಕು ನಿಮಿಷದಲ್ಲಿ ಎಲ್ಲರೂ ಒಪ್ಪಿದರು. ಅಕ್ಕ ಮೂಲೆಯಲ್ಲಿ ಕೂತು ನಡಾವಳಿ ಬರೆದುಕೊಳ್ಳುತ್ತಿದ್ದರು.

ನನಗೆ ಸಿಟ್ಟು ಬಂತು. ಹೊರಗೆ ಬಂದು ಅಂದೆ, "ನನ್ನ ಹೆಸರೇ ಬರಲಿಲ್ಲ."

"ಬಟನ್ ದೊಡ್ಡದಾತೋ ಇಲ್ಲೋ?"

"ಆಯ್ತು."

"ಆ ಹುಡುಗಿ ಬೆರಳು ಉಳೀತೋ ಇಲ್ಲೋ?"

"ಉಳೀತು ಅಕ್ಕ. ಆದ್ರೂ ಇದನ್ನ ನೋಡಿ ಬಂದವನು ನಾನು ಅಂತ ಒಬ್ಬರಾದ್ರೂ ಹೇಳ್ಬೇಕಿತ್ತು."

"ನಂದೂ ಹೇಳಲಿಲ್ಲಲ್ಲೋ" ಎಂದು ನಕ್ಕರು. ಅವರಿಗೆ ನಿಜವಾಗಿಯೂ ನಗು ಬಂದಿತ್ತು.

ಹೀಗೆ ದಿನಕ್ಕೆ ಐದಾರು ಲೋಟ ಕಾಫಿ. ಅದರಿಂದ ಅವರಿಗೆ ಹುಳಿತೇಗು. "ಈ ದೇಶದಾಗ ಮಂದೀನ ಒಪ್ಪಿಸೂದು ಹೊಟ್ಟಿಗೆ ಬಾಳ ತ್ರಾಸು" ಎನ್ನುತ್ತ ಡಬ್ಬಿಯಿಂದ ಒಣ ಅವಲಕ್ಕಿ ತಿನ್ನುತ್ತಿದ್ದರು. ಕನ್ನಡಿಗರ ಗುಂಪಿನಲ್ಲಿ ಗಣೇಶನನ್ನು ಯಾವ ಹಾಲ್‌ನಲ್ಲಿ ಕೂರಿಸಬೇಕೆಂದು ಎರಡು ಬಣವಾದಾಗಲೂ ಇದೇ ರೀತಿ. ಎರಡೂ ಬಣದವರನ್ನು ಯಾವುದು ಬೇಕು ಅಂತ ಕೇಳಲಿಲ್ಲ. ಯಾವುದು ಬೇಡ, ಯಾಕೆ ಬೇಡ ಅಂತ ಕೇಳಿದರು. ಒಬ್ಬರ ತಾಯಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ, ಅಷ್ಟೇ ವಿಷಯ. ಅದನ್ನು ಹೇಳಲು ಆತನಿಗೆ ಸಂಕೋಚ, ಅದಕ್ಕೆ ಹಾಲ್‌ನ ಅಡುಗೆಮನೆ ಸರಿಯಿಲ್ಲ ಅಂತ ವಾದ ಮಾಡುತ್ತಿದ್ದ. ಪೂಜೆಯ ದಿನ ಆ ತಾಯಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಅಕ್ಕ ಹಿಂದೆ ಪಾತ್ರೆ ತೊಳೆಯುತ್ತಿದ್ದರು.

ತಮ್ಮ ವಿಷಯಕ್ಕೆ ಬಂದರೆ ಮಾತ್ರ ಅವರ ಬಾಯಿ ಕಟ್ಟುತ್ತಿತ್ತು. ವರ್ಷಕ್ಕೊಮ್ಮೆ ಮ್ಯಾನೇಜರ್ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ನೀನೇನು ಸಾಧಿಸಿದೆ ಎಂದು ಕೇಳುವ ಪದ್ಧತಿಯಿದೆ. ಅಕ್ಕ ಒಳಗೆ ಹೋಗಿ ಉಳಿದವರು ಏನೇನು ಮಾಡಿದರೆಂದು ಹೇಳಿ ಬರುತ್ತಿದ್ದರು.

ಎರಡನೇ ವರ್ಷ ಕಂಪನಿಯಲ್ಲಿ ಮರುಸಂಘಟನೆ ಬಂತು. ಇರುವ ಕೆಲಸಗಳನ್ನೆಲ್ಲ ಅಳಿಸಿ ಹೊಸದಾಗಿ ಪಟ್ಟಿ ಮಾಡಿದರು. ಹಳಬರು, ಹೊಸಬರು, ಎಲ್ಲರೂ ಮತ್ತೆ ಅರ್ಜಿ ಹಾಕಬೇಕು. ಟೆಸ್ಟಿಂಗ್‌ನ ಜಾಗಗಳು ಕಡಿಮೆಯಾಗಿದ್ದವು. ಟೀಮ್ ಲೀಡ್ ಎಂಬ ಹೊಸ ಜಾಗ ಒಂದಿತ್ತು. ಅರ್ಜಿಯಲ್ಲಿ ಒಂದು ಪ್ರಶ್ನೆ: ಭಿನ್ನಾಭಿಪ್ರಾಯವಿದ್ದ ತಂಡವೊಂದನ್ನು ನೀವು ಒಪ್ಪಿಸಿದ ಒಂದು ಸಂದರ್ಭವನ್ನು ವಿವರಿಸಿ.

ನಾನು ಕೈಗವಸಿನ ಕಥೆ ಬರೆದೆ. ಸಮಸ್ಯೆಯನ್ನು ನಾನು ಗುರುತಿಸಿದೆ ಎಂದು ಬರೆದೆ, ಅದು ನಿಜ. ಆಮೇಲೆ ಗೋದಾಮಿನಿಂದ ಗವಸು ತಂದು ಒಬ್ಬೊಬ್ಬರನ್ನೇ ಮಾತಾಡಿಸಿ ಒಪ್ಪಿಸಿದೆ ಎಂದೂ ಬರೆದೆ. ಅಲ್ಲಿಯವರೆಗೆ ನಾನು ಬರೆದ ಪ್ರತಿ ಮೇಲ್ ಅನ್ನೂ ಅಕ್ಕನಿಗೆ ತೋರಿಸಿಯೇ ಕಳಿಸುತ್ತಿದ್ದೆ. ಈ ಅರ್ಜಿಯನ್ನು ತೋರಿಸಲಿಲ್ಲ. ಸಂದರ್ಶನದಲ್ಲಿ ಮ್ಯಾನೇಜರ್ "ಹೌದು, ನಿನ್ನ ಹೆಸರಿನ ವರದಿ ಕಡತದಲ್ಲಿದೆ, ನೆನಪಿದೆ" ಎಂದ. ಅಕ್ಕನ ಕೆಲಸ ಯಾವ ಕಡತದಲ್ಲೂ ಇರಲಿಲ್ಲ. ಅದೆಲ್ಲ ಕಾಫಿ ಲೋಟದ ಜೊತೆಗೇ ತೊಳೆದುಹೋಗಿತ್ತು.

"ಆ ಪ್ರಶ್ನೆಗೆ ನೀವೇನು ಬರೆದ್ರಿ?" ಎಂದು ಅವರನ್ನು ಕೇಳಿದೆ. ಅಂಜಿಕೊಂಡೇ ಕೇಳಿದೆ.

"ಲಾರ್ಸ್ ಬಟನ್ ದೊಡ್ಡದು ಮಾಡಿದ್ದು ಬರದೆ. ಪಾಪ, ತಾನ ಬರೆದದ್ದನ್ನ ತಾನ ತಿದ್ದೂದು ಸಣ್ಣ ಮಾತಲ್ಲ."

"ನೀವು ಮಾಡಿದ್ದನ್ನ ಬರೀಬೇಕಿತ್ತು."

"ನಾ ಏನ್ ಮಾಡೀನಿ? ಕಾಫಿ ಕುಡದೀನಿ."

ನಾನು ಟೀಮ್ ಲೀಡ್ ಆದೆ. ಅಪ್ಪನಿಗೆ ಫೋನು ಮಾಡಿ ಹೇಳಿದೆ. ಅಕ್ಕನ ಹೆಸರು ಹೊಸ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ನನಗೆ ಮೊದಲು ಶುಭಾಶಯ ಹೇಳಿ, ಆಮೇಲೆ ತಮ್ಮ ಮೇಜಿನ ಖಾನೆ ಖಾಲಿ ಮಾಡಿದರು.

ಕೆಲಸ ಮುಗಿದ ದಿನದಿಂದ ಮೂರು ತಿಂಗಳೊಳಗೆ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಅವರ ಪರವಾನಗಿಯ ಮೇಲೆಯೇ ಯಜಮಾನರೂ ಮಗಳೂ ಇಲ್ಲಿದ್ದದ್ದು. ಯಜಮಾನರಿಗೆ ಒಂದು ದಿನಸಿ ಅಂಗಡಿಯಲ್ಲಿ ಕೆಲಸ. ಮಗಳು ಏಳನೇ ಕ್ಲಾಸು. ಅಕ್ಕ ಕನ್ನಡದಲ್ಲಿ ಕೇಳಿದರೆ ಅವಳು ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಿದ್ದಳು. ಗೆಳತಿಯರು, ಈಜಿನ ಕ್ಲಾಸು, ಎಲ್ಲ ಇಲ್ಲೇ. "ಅಕೀಗೆ ಗದಗ ಅಂದ್ರ ಬ್ಯಾಸಿಗಿ ಸೂಟಿಯೊಳಗ ಹೋಗೂ ಊರು. ಅಲ್ಲೇ ಇರು ಅಂದ್ರ ಹೆಂಗಿದ್ದಾಳು?" ಎಂದು ಒಮ್ಮೆ ಕೇಳಿದರು. ನನ್ನನ್ನು ಕೇಳಿದ್ದಲ್ಲ, ಸುಮ್ಮನೆ ಕೇಳಿದ್ದು.

ಐದನೇ ವಾರ ಫೋನು ಮಾಡಿದರು. ದನಿಯಲ್ಲಿ ಹುರುಪು. ಲಿನ್‌ಶೋಪಿಂಗ್‌ನ ಒಂದು ಕಂಪನಿಯಲ್ಲಿ ಸಂದರ್ಶನವಾಗಿತ್ತು. ತಂಡಗಳ ನಡುವೆ ಮಾತುಕತೆ ನಡೆಸುವ ಕೆಲಸ, ಅವರಿಗೆಂದೇ ಮಾಡಿಟ್ಟ ಹಾಗಿತ್ತು.

"ಈ ಸಲ ಹೇಳಿದೆ ತಮ್ಮಾ. ಕೈಗವಸಿನ ಕಥಿ ಪೂರ್ತಿ ಹೇಳಿದೆ. ನಾ ಮಾಡೀನಿ, ನಾ ಒಪ್ಪಿಸೀನಿ ಅಂತ ಬಾಯಿ ಬಿಟ್ಟು ಹೇಳಿದೆ. ಹೇಳೂಮುಂದ ಬಾಯಿ ಒಣಗಿತ್ತು ನೋಡು. ಅವರು ಬಾಳ ಖುಷಿಯಾದ್ರು. ರೆಫರೆನ್ಸಿಗೆ ನಿನ್ನ ನಂಬರ್ ಕೊಟ್ಟೀನಿ. ಅವತ್ತು ನೀನ ಇದ್ದಿಯಲ್ಲ. ನಮ್ಮ ಮ್ಯಾನೇಜರ್ ನಂಬರನೂ ಕೊಟ್ಟೀನಿ."

ಈ ದೇಶದಲ್ಲಿ ಸರ್ಟಿಫಿಕೇಟಿಗಿಂತ ಆ ಫೋನು ಕರೆ ದೊಡ್ಡದು. ಕೆಲಸ ಕೊಡುವ ಮುನ್ನ ಹಳೆಯ ಸಹೋದ್ಯೋಗಿಗಳಿಗೆ ಫೋನು ಮಾಡಿ ಕೇಳುತ್ತಾರೆ. ಅವರು ಮನಸ್ಸಿಟ್ಟು ಹೇಳಿದರೆ ಕೆಲಸ, ತಡವರಿಸಿದರೆ ಇಲ್ಲ.

ಕರೆ ಎರಡು ದಿನದ ಮೇಲೆ ಮಧ್ಯಾಹ್ನ ಬಂತು. ಆಫೀಸಿನ ಮೆಟ್ಟಿಲ ಹತ್ತಿರ ಹೋಗಿ ತೆಗೆದುಕೊಂಡೆ. ಹೆಂಗಸಿನ ದನಿ, ಇಂಗ್ಲಿಷ್, ಬಹಳ ಸೌಜನ್ಯ. ಅಕ್ಕ ಸಮಯಕ್ಕೆ ಬರುತ್ತಾರಾ, ಜನರೊಂದಿಗೆ ಹೇಗೆ ಎಂದೆಲ್ಲ ಕೇಳಿದಳು. ಚೆನ್ನಾಗಿಯೇ ಹೇಳಿದೆ. ಆಮೇಲೆ ಕೇಳಿದಳು, "ಕೈಗವಸಿನ ಘಟನೆ ಹೇಳಿದರು. ನಮಗದು ತುಂಬಾ ಹಿಡಿಸಿತು. ನೀವು ಅಲ್ಲಿದ್ದಿರಂತೆ. ನಿಮ್ಮ ಮಾತಿನಲ್ಲಿ ಹೇಳ್ತೀರಾ?"

ಹೌದು ಎಂದು ಶುರು ಮಾಡಬೇಕಿತ್ತು. ಲಾರ್ಸ್, ಕಾಫಿ, ದೋಣಿಯ ಬಣ್ಣ, ಡೈರಿಯ ಸಾಲು, ಎಲ್ಲ ನನಗೆ ಕಣ್ಣೆದುರಿಗಿತ್ತು. ಹತ್ತು ನಿಮಿಷ ಸಾಕಿತ್ತು. ಆದರೆ ಮುಂದಿನ ಕರೆ ನಮ್ಮ ಮ್ಯಾನೇಜರನಿಗೆ ಹೋಗುತ್ತದೆಂದು ಗೊತ್ತಿತ್ತು. ಅವನು ನನ್ನ ಅರ್ಜಿ ಓದಿದವನು. ಅವನು ಅದು ನನ್ನ ಕೆಲಸ ಎನ್ನುತ್ತಾನೆ, ನಾನು ಅಕ್ಕನದು ಎನ್ನುತ್ತೇನೆ. ಆಗ ಸುಳ್ಳು ಯಾರದೆಂದು ತಿಳಿಯಲು ಯಾರಿಗೂ ಹೊತ್ತು ಬೇಕಾಗಿರಲಿಲ್ಲ. ಕೆಲಸ ಹೋಗುತ್ತಿತ್ತು ಅಂತ ನೆಪ ಹೇಳಲಾರೆ. ಹೋಗುತ್ತಿರಲಿಲ್ಲ. ಮಾನ ಹೋಗುತ್ತಿತ್ತು, ಅಷ್ಟೇ. ಇಸ್ತ್ರಿ ಗಾಡಿಯಿಂದ ಇಲ್ಲಿಯವರೆಗೆ ಹೊತ್ತು ತಂದ ಮಾನ.

"ಅದು ಇಡೀ ತಂಡದ ಕೆಲಸವಾಗಿತ್ತು" ಎಂದೆ. "ಮೂಲ ವರದಿ ನನ್ನದು. ಅವರೂ ಸಹಾಯ ಮಾಡಿದ್ದರು."

ಕೀಲಿಮಣೆಯ ಸದ್ದು ಕೇಳಿಸಿತು. ನಾನು ಇನ್ನೊಂದು ಮಾತು ಸೇರಿಸುತ್ತೇನೇನೋ ಅಂತ ಕಾದಳೆಂದು ಈಗಲೂ ಅನ್ನಿಸುತ್ತದೆ. ಆಮೇಲೆ ಧನ್ಯವಾದ ಹೇಳಿ ಇಟ್ಟಳು.

ಅಕ್ಕ ಜೀವನದಲ್ಲಿ ಮೊದಲ ಸಲ ತಮ್ಮ ಬಗ್ಗೆ ತಾವು ಹೇಳಿಕೊಂಡಿದ್ದರು. ಅದನ್ನು ನಾನು ಮೂರು ವಾಕ್ಯದಲ್ಲಿ ಬಡಾಯಿಯಂತೆ ಕಾಣುವ ಹಾಗೆ ಮಾಡಿಬಿಟ್ಟೆ.

ಸಂಜೆ ಅವರದೇ ಫೋನು. "ಕೇಳಿದ್ರಾ?"

"ಕೇಳಿದ್ರು ಅಕ್ಕ."

"ಗವಸಿಂದು?"

"ಅದನ್ನೂ ಕೇಳಿದ್ರು. ಎಲ್ಲಾ ಹೇಳ್ದೆ."

"ಲಾರ್ಸ್ ಮೂರು ಸಲ ತಪ್ಪು ಒತ್ತಿದ್ದು?"

"ಅದೂ ಹೇಳ್ದೆ."

"ಹಂಗಾರ ಆತು ಬಿಡು. ನಿನಗ ಈಗ ಚೊಲೋ ಮಾತಾಡಾಕ ಬರ್ತದ" ಎಂದರು.

ವಾರ ಬಿಟ್ಟು ಲಿನ್‌ಶೋಪಿಂಗ್‌ನಿಂದ ಮೇಲ್ ಬಂತು. ಈ ಬಾರಿ ಬೇರೆಯವರನ್ನು ಆರಿಸಿದ್ದೇವೆ, ಮುಂದಕ್ಕೆ ಒಳ್ಳೆಯದಾಗಲಿ. ಅಕ್ಕ ಅದನ್ನು ನನಗೆ ಓದಿ ಹೇಳಿದರು. ಆಮೇಲೆ, "ಅಲ್ಲ ತಮ್ಮಾ, ನಾನೂ ಹೇಳೀನಿ, ನೋಡಿದವ ನೀನೂ ಹೇಳಿದಿ. ಇಬ್ಬರು ಹೇಳಿದ್ರೂ ಅವರಿಗೆ ಸಾಲಲಿಲ್ಲ ಅಂದ್ರ, ಅದರಾಗ ಏನೂ ಇರಲಿಲ್ಲ ಅಂತಾತು. ನಾನ ದೊಡ್ಡದು ತಿಳಕೊಂಡಿದ್ದೆ" ಎಂದರು.

ಆಗಲೂ ಹೇಳಬಹುದಿತ್ತು. ಇನ್ನೂ ಏಳು ವಾರ ಇತ್ತು.

ಅದರ ಮೇಲೆ ಅವರು ಮೂರು ಸಂದರ್ಶನಕ್ಕೆ ಹೋದರು. ಒಂದರಲ್ಲೂ ತಮ್ಮ ಕೆಲಸದ ವಿಷಯ ಎತ್ತಲಿಲ್ಲವೆಂದು ಅವರ ಯಜಮಾನರು ಹೇಳಿದರು. ಕೇಳಿದ್ದಕ್ಕೆ ಹೌದು, ಇಲ್ಲ ಎಂದು ಬರುತ್ತಿದ್ದರಂತೆ. ಬೀಳ್ಕೊಡುವ ದಿನ ಸ್ಟೇಷನ್ನಿಗೆ ಹೋಗಿದ್ದೆ. ಮಗಳು ತನ್ನ ಗೆಳತಿಯನ್ನು ಅಪ್ಪಿಕೊಂಡು ಬಿಡುತ್ತಲೇ ಇರಲಿಲ್ಲ. ಅಕ್ಕ ಅವಳನ್ನು ಅವಸರ ಮಾಡಲಿಲ್ಲ, ಪಕ್ಕದಲ್ಲಿ ಸೂಟ್‌ಕೇಸ್ ಹಿಡಿದು ನಿಂತಿದ್ದರು. ರೈಲು ಬಂದು ನಿಂತ ಮೇಲೆ ನನ್ನ ಜಾಕೀಟಿನ ಕಾಲರ್ ಸರಿಮಾಡಿ, "ಮಂದೀ ಮ್ಯಾಲೆ ಚೀರಬ್ಯಾಡ" ಎಂದು ಹತ್ತಿದರು.

ಈಗ ನಮ್ಮ ಕಂಪನಿಗೆ ಹೊಸದಾಗಿ ಬರುವವರಿಗೆ, ಅದರಲ್ಲೂ ನಮ್ಮ ದೇಶದಿಂದ ಬರುವವರಿಗೆ, ಕೆಲಸದ ಜಾಗದಲ್ಲಿ ಮಾತಾಡಿ ಒಪ್ಪಿಸುವುದು ಹೇಗೆ ಎಂದು ಅರ್ಧ ದಿನದ ತರಗತಿ ತೆಗೆದುಕೊಳ್ಳುವವನು ನಾನೇ. ಮೀಟಿಂಗಿಗೆ ಮುಂಚೆ ಒಬ್ಬೊಬ್ಬರನ್ನೇ ಕಾಣಿ ಅನ್ನುತ್ತೇನೆ. ಅವರ ಹೆದರಿಕೆ ಬರೆದುಕೊಳ್ಳಿ, ಪಕ್ಕಕ್ಕೆ ನಿಲ್ಲಿ, ಪರದೆ ನೋಡಬೇಡಿ ಅನ್ನುತ್ತೇನೆ. ಜನ ಬರೆದುಕೊಳ್ಳುತ್ತಾರೆ. ನಾಲ್ಕು ವರ್ಷ ಕೈಗವಸಿನ ಕಥೆಯನ್ನು 'ನಾವು' ಎಂದೇ ಹೇಳಿದೆ. ಕಳೆದ ತಿಂಗಳು, ಅವರ ಸಾವಿನ ಸುದ್ದಿ ಬಂದ ಮೇಲೆ, ಮೊದಲ ಸಲ ಇದ್ದದ್ದನ್ನು ಇದ್ದಹಾಗೆ ಹೇಳಿ, ಮಾಡಿದವರು ಇವರು ಎಂದು ಅಕ್ಕನ ಹೆಸರು ಹೇಳಿದೆ. ಮ್ಯಾನೇಜರನ ಕೋಣೆಗೂ ಹೋಗಿ ಅರ್ಜಿಯ ವಿಷಯ ಹೇಳಿದೆ. ಅವನು ಕನ್ನಡಕ ತೆಗೆದು ಒರೆಸಿದ. "ಈಗ ಹೇಳಿ ಏನು ಪ್ರಯೋಜನ?" ಎಂದ. ಬೈಯಲಿಲ್ಲ. ಕೆಲಸದಿಂದಲೂ ತೆಗೆಯಲಿಲ್ಲ. ಅಂದಿನಿಂದ ನನ್ನ ಜೊತೆ ಕಾಫಿಗೆ ಬರುವುದಿಲ್ಲ.

ಸುದ್ದಿ ಬಂದ ದಿನದಿಂದ ಅಕ್ಕನ ನಂಬರಿಗೆ ಫೋನು ಮಾಡಲು ಹನ್ನೆರಡು ದಿನ ಬೇಕಾಯಿತು. ತೆಗೆದುಕೊಂಡವಳು ಮಗಳು, ಆ ಫೋನು ಈಗ ಅವಳ ಹತ್ತಿರವೇ ಇತ್ತು. ಈಗ 'ಹುಡುಗಿ' ಅನ್ನುವ ಹಾಗಿಲ್ಲ, ಧಾರವಾಡದಲ್ಲಿ ಕಾಲೇಜು ಓದುತ್ತಿದ್ದಾಳೆ. ನನ್ನ ಹೆಸರು ಹೇಳಿದ ಕೂಡಲೇ ದನಿ ಬೆಚ್ಚಗಾಯಿತು.

"ಅಂಕಲ್, ಅಮ್ಮ ನಿಮ್ಮ ಸುದ್ದಿ ಬಾಳ ಹೇಳ್ತಿದ್ಲು. ಆಸ್ಪತ್ರೆಯಲ್ಲೂ ಹೇಳಿದ್ಲು. ಅಲ್ಲಿ ಒಬ್ಬನಾದ್ರೂ ನನ್ನ ಪರವಾಗಿ ಮಾತಾಡಿದ, ಆ ಕಂಪನಿಯವರಿಗೇ ತಿಳೀಲಿಲ್ಲ, ಅವನ ತಪ್ಪಿಲ್ಲ ಅಂತ."

ನಾನು ಹೇಳಿದೆ. ಅರ್ಜಿ, ಕರೆ, ಆ ಮೂರು ವಾಕ್ಯ, ಸಂಜೆಯ ಸುಳ್ಳು. ಏನನ್ನೂ ಬಿಡಲಿಲ್ಲ. ಅವರ ಬಗ್ಗೆ ಬರೆಯುತ್ತೇನೆ, ಎಲ್ಲರಿಗೂ ಗೊತ್ತಾಗುವಂತೆ ಅವರ ಹೆಸರು ಹಾಕಿಯೇ ಬರೆಯುತ್ತೇನೆ ಎಂದೆ. ಅವಳು ಕೊನೆಗೆ "ಕ್ಲಾಸಿಗೆ ಹೊತ್ತಾತು" ಎಂದು ಇಟ್ಟಳು.

ಮೂರು ದಿನದ ಮೇಲೆ ಮೆಸೇಜ್ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. "ಅಪ್ಪಗ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ. ಅಮ್ಮ ನಿಮ್ಮನ್ನ ನಂಬಿಕೊಂಡೇ ಹೋದ್ಲು, ಅದು ಹಂಗ ಇರಲಿ. ಬರೀರಿ, ಬರದ್ರ ನಿಮಗ ಹಗುರಾಗ್ತದೇನೋ. ಆದ್ರ ಮೋಸ ಹೋದಾಕಿ ಅಂತ ನಮ್ಮಮ್ಮನ ಹೆಸರು ಮಂದಿ ಓದೂದು ಬ್ಯಾಡ."

ಹಗುರಾಗಲಿಲ್ಲ. ಅವಳು ಹೇಳಿದಂತೆ ಹೆಸರು ಹಾಕದೆ ಬರೆದಿದ್ದೇನೆ.